ಸೆಲ್ಫ್ ಹೊಡೆಯದ ಕಾರಿನ ಚಿಕ್ಕ ಬ್ಯಾಟರಿ

"ಏನಮ್ಮಾ, ಕಾರು ಪೂರ್ತಿ ಸತ್ತು ಹೋಗಿದೆ. ಬಾಗಿಲೂ ತೆಗೀತಿಲ್ಲ. ನಿನ್ನ ಹತ್ರ ಏನಾದ್ರೂ ಆಗುತ್ತಾ ನೋಡು."

ದೀಪಾವಳಿ ಕಳೆದು ಒಂದು ವಾರ ಆಗಿತ್ತು. ಗುಬ್ಬಿಯಿಂದ ಮೇಷ್ಟ್ರು ಫೋನ್ ಮಾಡಿದ್ದರು. ನಾನು ಹೈಸ್ಕೂಲಲ್ಲಿ ಓದುವಾಗ ಗಣಿತ ಹೇಳಿಕೊಟ್ಟವರು. ರಿಟೈರ್ ಆದ ಮೇಲೆ ಊರಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ನಾಲ್ಕು ವರ್ಷದ ಹಿಂದೆ ಎಲೆಕ್ಟ್ರಿಕ್ ಕಾರು ತಗೊಂಡರು. ಮಗಳ ಬಾಣಂತನಕ್ಕೆ ಅಂತ ಗಂಡ ಹೆಂಡತಿ ಇಬ್ಬರೂ ಪುಣೆಗೆ ಹೋಗಿದ್ದವರು, ನಲವತ್ತೈದು ದಿನ ಬಿಟ್ಟು ಆವತ್ತು ಬೆಳಿಗ್ಗೆ ವಾಪಸ್ ಬಂದಿದ್ದರು.

"ಹೋಗುವಾಗ ಚಾರ್ಜ್ ಎಷ್ಟಿತ್ತು ಮೇಷ್ಟ್ರೇ?"

"ನೂರಕ್ಕೆ ಎಪ್ಪತ್ತು. ನಾನೇ ನೋಡಿದ್ದೀನಿ."

ಅವರ ದನಿ ನಡುಗುತ್ತಿತ್ತು. ಪಕ್ಕದ ಮನೆಯವರು ಬಂದು ನೋಡಿ, "ಮೇನ್ ಬ್ಯಾಟರಿ ಹೋಗಿದೆ, ಇನ್ನು ಲಕ್ಷಗಟ್ಟಲೆ ಖರ್ಚು" ಅಂದಿದ್ದರಂತೆ. ಸರ್ವಿಸ್‌ನವರಿಗೆ ಫೋನ್ ಮಾಡಿದರೆ, ಗಾಡಿ ಮೇಲೆ ಹೇರಿಸಿಕೊಂಡು ಬೆಂಗಳೂರಿಗೆ ತನ್ನಿ ಅಂದರಂತೆ. ಎರಡು ಪ್ರಶ್ನೆ ಕೇಳಿದ್ದರೆ ಸಾಕಿತ್ತು ಅವರು. ಅದನ್ನೂ ಕೇಳಿರಲಿಲ್ಲ. ನನಗೆ ಅದೇ ಬೇಜಾರು.

ನಮ್ಮದು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಬಟವಾಡಿ ಹತ್ತಿರ ಬ್ಯಾಟರಿ ಅಂಗಡಿ. ಅಪ್ಪ ಶುರು ಮಾಡಿದ್ದು. ಆಗೆಲ್ಲ ಬ್ಯಾಟರಿ ಕೆಟ್ಟರೆ ಎಸೆಯುತ್ತಿರಲಿಲ್ಲ. ಮೇಲಿನ ಡಾಂಬರು ಕರಗಿಸಿ ತೆಗೆದು, ಸೆಲ್ ಒಳಗಿನ ಪ್ಲೇಟ್ ಬದಲಾಯಿಸಿ, ಸೀಸ ಕಾಯಿಸಿ ಬೆಸುಗೆ ಹಾಕಿ ಮತ್ತೆ ಕಟ್ಟುತ್ತಿದ್ದರು. ಶಿರಾ ಕಡೆಯಿಂದ ಬರುವ ಲಾರಿಯವರು, ತಿಪಟೂರಿಗೆ ಕೊಬ್ಬರಿ ಹೊಡೆಯುವವರು ಎಲ್ಲ ನಮ್ಮ ಗಿರಾಕಿಗಳು. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಅಂಗಡಿಗೇ ಬಂದು ಕೂತೆ. ಈಗ ಹದಿಮೂರು ವರ್ಷ ಆಯ್ತು.

ಮೇಷ್ಟ್ರ ಫೋನ್ ಇಟ್ಟ ಮೇಲೆ 12 ವೋಲ್ಟ್, 35 ಆಂಪಿಯರ್-ಅವರ್‌ನ (ಅಂದರೆ ಒಂದು ಆಂಪಿಯರ್ ಎಳೆದರೆ 35 ಗಂಟೆ ಬರುವಂಥ) ಒಂದು ಹೊಸ ಬ್ಯಾಟರಿ, ಮೀಟರ್, ಸ್ಪ್ಯಾನರ್, ಜಂಪ್ ಕೇಬಲ್ ತಗೊಂಡು ಸ್ಕೂಟರ್ ಹತ್ತಿದೆ. ಬ್ಯಾಟರಿ ಹತ್ತು ಕೆ.ಜಿ. ಹತ್ತಿರ ತೂಗುತ್ತದೆ. ಕಾಲ ಹತ್ತಿರ ಇಟ್ಟುಕೊಂಡೆ. ಗುಬ್ಬಿ ನಮ್ಮಲ್ಲಿಂದ ಇಪ್ಪತ್ತು ಕಿಲೋಮೀಟರ್. "ಎಲೆಕ್ಟ್ರಿಕ್ ಕಾರಿಗೆ ಈ ಬ್ಯಾಟರಿ ಯಾಕಮ್ಮಾ?" ಅಂತ ಅಪ್ಪ ಕೇಳಿದರು. "ಬಂದು ಹೇಳ್ತೀನಪ್ಪಾ" ಅಂದೆ.

ಹೋಗಿ ನೋಡಿದರೆ ಕಾರು ಹಲಸಿನ ಮರದ ಕೆಳಗೆ ಎಲೆ ಧೂಳು ಹೊದ್ದುಕೊಂಡು ನಿಂತಿತ್ತು. ರಿಮೋಟ್ ಒತ್ತಿದರೆ ಸದ್ದಿಲ್ಲ. ಚಾರ್ಜರ್ ವೈರ್ ಚುಚ್ಚಿಯೇ ಇತ್ತು. ಬೆಳಿಗ್ಗೆಯಿಂದ ಹಾಗೇ ಬಿಟ್ಟಿದ್ದರಂತೆ, ಚಾರ್ಜ್ ಆದರೆ ಸರಿ ಹೋಗಬಹುದು ಅಂತ. ಆಗಿರಲಿಲ್ಲ. ರಿಮೋಟ್ ಒಳಗೆ ಒಂದು ತೆಳ್ಳನೆ ಲೋಹದ ಕೀಲಿ ಇರುತ್ತದೆ. ಅದನ್ನು ಎಳೆದು ತೆಗೆದು ಡ್ರೈವರ್ ಬಾಗಿಲು ತೆಗೆದೆ. "ಇದು ಇಲ್ಲಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದರು ಮೇಷ್ಟ್ರು. ಅವರಿಗೆ ಯಾರೂ ತೋರಿಸಿರಲಿಲ್ಲ.

ಬಾನೆಟ್ ಎತ್ತಿದೆ. ದಪ್ಪ ದಪ್ಪ ಕಿತ್ತಳೆ ಬಣ್ಣದ ಕೇಬಲ್‌ಗಳು. ಅದರ ಪಕ್ಕದಲ್ಲಿ, ಮಾರುತಿ ಕಾರಿನಲ್ಲಿ ಇರುತ್ತಲ್ಲ, ಥೇಟ್ ಅಂಥದೇ ಒಂದು ಬ್ಯಾಟರಿ. ಮೀಟರ್ ಇಟ್ಟೆ. 6.9 ವೋಲ್ಟ್.

ತುಂಬಿದ ಲೆಡ್ (ಸೀಸದ) ಬ್ಯಾಟರಿ 12.6, 12.7 ತೋರಿಸಬೇಕು. ಒಳಗೆ ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್. 12.2 ಬಂತು ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಬಂದರೆ ಹಸಿದ ಹೊಟ್ಟೆ. 6.9 ಅಂದರೆ ಅದು ಎಷ್ಟೋ ದಿನದ ಹಿಂದೆಯೇ ಹೋಗಿದೆ.

"ಮೇಷ್ಟ್ರೇ, ನಿಮ್ಮ ದೊಡ್ಡ ಬ್ಯಾಟರಿ ಚೆನ್ನಾಗೇ ಇರಬೇಕು. ಹೋಗಿರೋದು ಇದು" ಅಂದೆ.

ಅವರು ನಂಬಲಿಲ್ಲ. ಕೆಳಗೆ ಅಷ್ಟು ದೊಡ್ಡ ಬ್ಯಾಟರಿ ಇಟ್ಟುಕೊಂಡು ಇಷ್ಟು ಚಿಕ್ಕದಕ್ಕೆ ಕಾರು ಯಾಕೆ ನಿಲ್ಲುತ್ತದೆ? ಲೆಕ್ಕ ಸರಿ ಇದೆ. ಅವರ ಕಾರಿನ ದೊಡ್ಡ ಬ್ಯಾಟರಿ 30 ಕಿಲೋವ್ಯಾಟ್-ಅವರ್. ಚಿಕ್ಕದು 12 ವೋಲ್ಟ್‌ನಲ್ಲಿ 35 ಆಂಪಿಯರ್-ಅವರ್, ಅಂದರೆ 420 ವ್ಯಾಟ್-ಅವರ್. ಎಪ್ಪತ್ತರಲ್ಲಿ ಒಂದು ಪಾಲು.

ನಾನು ಅವರನ್ನು ತೋಟದ ಮೋಟರ್ ಮನೆಗೆ ಕರೆದುಕೊಂಡು ಹೋದೆ. ಬೋರ್‌ವೆಲ್ ಸ್ಟಾರ್ಟರ್ ಡಬ್ಬ ತೋರಿಸಿ ಕೇಳಿದೆ, "ಹಸಿರು ಬಟನ್ ಒತ್ತಿದಾಗ ಒಳಗೆ ಟಕ್ ಅಂತ ಸದ್ದು ಬರುತ್ತಲ್ಲ, ಅದು ಏನು?"

"ಕಾಯಿಲ್ ಎಳೆದುಕೊಳ್ಳೋದು. ಕಾಂಟ್ಯಾಕ್ಟ್ ಕೂಡುತ್ತೆ, ಮೋಟರ್‌ಗೆ ಕರೆಂಟ್ ಹೋಗುತ್ತೆ."

"ಕಾಯಿಲ್ ಸುಟ್ಟರೆ?"

"ಮೂರು ಫೇಸ್ ಇದ್ದರೂ ಮೋಟರ್ ತಿರುಗಲ್ಲ."

ಅಷ್ಟೇ ವಿಷಯ. ಎಲೆಕ್ಟ್ರಿಕ್ ಕಾರಿನಲ್ಲೂ ದೊಡ್ಡ ಬ್ಯಾಟರಿಯ ಬಾಯಲ್ಲಿ ಇಂಥದೇ ಕಾಂಟ್ಯಾಕ್ಟರ್‌ಗಳು ಇರುತ್ತವೆ. ಕಾರು ಆಫ್ ಮಾಡಿದ ಕೂಡಲೇ ಅವು ಬಿಟ್ಟುಕೊಳ್ಳುತ್ತವೆ. ಒಳಗಿನ ಮುನ್ನೂರು ಚಿಲ್ಲರೆ ವೋಲ್ಟ್ ಒಳಗೇ ಉಳಿಯುತ್ತದೆ, ಹೊರಗಿನ ಕೇಬಲ್‌ಗೆ ಬರುವುದಿಲ್ಲ. ಅವು ಮತ್ತೆ ಕೂಡಬೇಕಾದರೆ ಕಾಯಿಲ್‌ಗೆ ಕರೆಂಟ್ ಬೇಕು. ಆ ಕರೆಂಟ್ ಕೊಡುವುದು ಚಿಕ್ಕ ಬ್ಯಾಟರಿ. ತೋಟದ ಸ್ಟಾರ್ಟರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೊಂದೇ: ಅಲ್ಲಿ ಕಾಯಿಲ್‌ಗೆ ಕರೆಂಟ್ ಬರುವುದು ಮೋಟರ್‌ನ ಲೈನಿನಿಂದಲೇ. ಇಲ್ಲಿ ಬೇರೆ ಕಡೆಯಿಂದ. ದೊಡ್ಡ ಬ್ಯಾಟರಿಯಿಂದಲೇ ತಗೊಳ್ಳೋಣ ಅಂದರೆ, ಅದು ಬೀಗದ ಹಿಂದೆ ಇದೆ. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ.

"ಹಾಗಾದ್ರೆ ಅದನ್ನ ಯಾವಾಗಲೂ ಕೂಡಿಸೇ ಇಟ್ಟರೆ?" ಅಂದರು. ಒಳ್ಳೆ ಪ್ರಶ್ನೆ. 60 ವೋಲ್ಟ್ ಡಿ.ಸಿ. ದಾಟಿದರೆ ಜೀವಕ್ಕೆ ಅಪಾಯ ಅಂತಲೇ ವಾಹನಗಳ ಸುರಕ್ಷತಾ ನಿಯಮಗಳು ಲೆಕ್ಕ ಹಾಕುತ್ತವೆ. ಇಲ್ಲಿ ಇರುವುದು ಅದರ ಐದಾರು ಪಟ್ಟು. ಮನೆ ಅಂಗಳದಲ್ಲಿ ಮಕ್ಕಳು ಆಡುವ ಕಡೆ ನಿಲ್ಲುವ ಕಾರಿನಲ್ಲಿ ಅದು ಹಗಲೂ ರಾತ್ರಿ ಕೇಬಲ್‌ನಲ್ಲಿ ಇರಬಾರದು. ಅಪಘಾತ ಆದಾಗಲೂ ಇದೇ ಕಾಯುವುದು. ಢಿಕ್ಕಿ ಜೋರಾಗಿ ಹೊಡೆದರೆ ಕಾಂಟ್ಯಾಕ್ಟರ್ ಬಿಟ್ಟುಕೊಂಡು ದೊಡ್ಡ ಬ್ಯಾಟರಿ ಕಟ್ ಆಗುತ್ತದೆ. ಆಗಲೂ ಹಜಾರ್ಡ್ ಲೈಟ್ ಮಿನುಗಬೇಕು, ಡೋರ್ ಲಾಕ್ ಬಿಚ್ಚಿಕೊಳ್ಳಬೇಕು. ಆ ಕೆಲಸ ಮಾಡುವುದು ಚಿಕ್ಕ ಬ್ಯಾಟರಿ. ಇನ್ನೊಂದು ವಿಷಯ: ಕಾಯಿಲ್‌ಗೆ 12 ವೋಲ್ಟ್ ತಪ್ಪಿದರೆ ಕಾಂಟ್ಯಾಕ್ಟರ್ ತಾನಾಗೇ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಅಗ್ನಿಶಾಮಕ ದಳದವರಿಗೆ ಇರುವ ಕೈಪಿಡಿಗಳಲ್ಲಿ, ಕಾರಿನ 12 ವೋಲ್ಟ್ ಲೈನ್ ಕತ್ತರಿಸಿ ಅಂತ ಹೇಳಿರುತ್ತಾರೆ. ಚಿಕ್ಕದನ್ನು ಕತ್ತರಿಸಿದರೆ ದೊಡ್ಡದು ಬಾಯಿ ಮುಚ್ಚುತ್ತದೆ.

ಲೈಟು, ವೈಪರ್, ಹಾರ್ನ್, ಪವರ್ ಸ್ಟೀರಿಂಗ್, ಬ್ರೇಕಿನ ಕಂಪ್ಯೂಟರ್, ಏರ್‌ಬ್ಯಾಗ್, ಮುಂದಿನ ಸ್ಕ್ರೀನ್, ಎಲ್ಲ ಈ 12 ವೋಲ್ಟ್ ಮೇಲೇ ನಡೆಯುತ್ತವೆ. ಚಾರ್ಜರ್ ಚುಚ್ಚಿದಾಗ ಕಾರಿನ ಕಂಪ್ಯೂಟರ್ ಎದ್ದು ಚಾರ್ಜರ್ ಜೊತೆ ಮಾತಾಡಬೇಕು, ಆಮೇಲೆ ಕಾಂಟ್ಯಾಕ್ಟರ್ ಕೂಡಬೇಕು. ಏಳುವುದಕ್ಕೇ ಶಕ್ತಿ ಇಲ್ಲದಿದ್ದರೆ? ಬೆಳಿಗ್ಗೆಯಿಂದ ವೈರ್ ಚುಚ್ಚಿಟ್ಟರೂ ಚಾರ್ಜ್ ಆಗದಿದ್ದದ್ದು ಅದಕ್ಕೇ.

ಮೊದಲು ನಾನು ಹಳೇ ಬ್ಯಾಟರಿ ಬಿಚ್ಚಲಿಲ್ಲ. ನಾನು ತಂದಿದ್ದ ಬ್ಯಾಟರಿಯಿಂದ ಜಂಪ್ ಕೇಬಲ್ ಹಾಕಿದೆ. ಪ್ಲಸ್‌ಗೆ ಪ್ಲಸ್, ಮೈನಸ್ ಕ್ಲಿಪ್ಪನ್ನು ಬಾಡಿಯ ಅರ್ತ್ ಬೋಲ್ಟಿಗೆ. ಇಲ್ಲಿ ಅದಲು ಬದಲು ಆದರೆ ಕಂಪ್ಯೂಟರ್‌ಗಳು ಸುಟ್ಟು ನಿಜವಾಗಿಯೂ ಲಕ್ಷದ ಖರ್ಚು ಬರುತ್ತದೆ. ಎರಡು ಸಲ ನೋಡಿ ಹಾಕಬೇಕು. ಸ್ಕ್ರೀನ್ ಹತ್ತಿಕೊಂಡಿತು. ಮೇಷ್ಟ್ರು ಬ್ರೇಕ್ ತುಳಿದು ಬಟನ್ ಒತ್ತಿದರು.

ಸೀಟಿನ ಕೆಳಗಿಂದ ಸಣ್ಣದಾಗಿ ಒಂದು ಟಕ್. ಅರೆಕ್ಷಣ ಬಿಟ್ಟು ಇನ್ನೊಂದು ಟಕ್.

ಆ ಎರಡು ಸದ್ದಿನ ನಡುವೆ ಒಂದು ಸೊಗಸಾದ ಕೆಲಸ ನಡೆಯುತ್ತದೆ. ಮುನ್ನೂರು ವೋಲ್ಟನ್ನು ಒಮ್ಮೆಲೇ ಬಿಟ್ಟರೆ ಮೋಟರ್ ಕಂಟ್ರೋಲರ್‌ನ ವಿದ್ಯುತ್ ತುಂಬಿಕೊಳ್ಳುವ ಕೆಪಾಸಿಟರ್‌ಗಳು ಕರೆಂಟನ್ನು ಗಬಕ್ಕನೆ ಎಳೆದುಕೊಂಡು, ಕಾಂಟ್ಯಾಕ್ಟ್ ಬೆಸೆದುಕೊಂಡು ಬಿಡುತ್ತದೆ. ಅದಕ್ಕೇ ಮೊದಲು ಕರೆಂಟ್ ತಡೆದು ಬಿಡುವ ಒಂದು ರೆಸಿಸ್ಟರ್ ಮೂಲಕ ನಿಧಾನಕ್ಕೆ ತುಂಬಿಸಿ, ಆಮೇಲೆ ದೊಡ್ಡ ಕಾಂಟ್ಯಾಕ್ಟರ್ ಕೂಡಿಸುತ್ತಾರೆ. ಹೊಸ ಮಡಕೆಗೆ ಒಂದೇ ಸಲ ಕುದಿಯುವ ನೀರು ಸುರಿಯಲ್ಲ, ಅಲ್ವಾ? ಹಾಗೆ.

ಸ್ಕ್ರೀನ್ ಮೇಲೆ 68 ಪರ್ಸೆಂಟ್ ಬಂತು. ಮೇಷ್ಟ್ರು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತರು. ಅವರ ಮನೆಯವರು ಒಳಗಿಂದ ಎಳನೀರು ತಂದು ಕೊಟ್ಟು, "ನೀನು ಬಂದದ್ದು ಒಳ್ಳೇದಾಯ್ತು ಕಣೇ" ಅಂದರು.

ನಾನು ಮತ್ತೆ ಮೀಟರ್ ಇಟ್ಟೆ. ಈಗ 14.1. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ತಿರುಗಿದಾಗ ಡೈನಮೋ ಬ್ಯಾಟರಿಗೆ ಚಾರ್ಜ್ ಕೊಡುತ್ತದೆ. ಇಲ್ಲಿ ಎಂಜಿನ್ನೂ ಇಲ್ಲ, ಡೈನಮೋನೂ ಇಲ್ಲ. ಡಿಸಿ-ಡಿಸಿ ಕನ್ವರ್ಟರ್ ಅನ್ನುವ ಒಂದು ಪೆಟ್ಟಿಗೆ ದೊಡ್ಡ ಬ್ಯಾಟರಿಯ ವೋಲ್ಟೇಜನ್ನು 14ಕ್ಕೆ ಇಳಿಸಿ ಚಿಕ್ಕದಕ್ಕೆ ಉಣಿಸುತ್ತದೆ. 14.1 ಬಂದದ್ದರಿಂದ ಆ ಪೆಟ್ಟಿಗೆ ಸರಿ ಇದೆ ಅಂತ ಖಾತ್ರಿ ಆಯ್ತು. ಅದು ಕೆಟ್ಟಿದ್ದರೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅಷ್ಟೇ. ಓಡಿಸುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ಚಿತ್ರ ಹತ್ತಿಕೊಂಡರೆ ಉಡಾಫೆ ಮಾಡಬೇಡಿ. ದೊಡ್ಡ ಬ್ಯಾಟರಿಯಲ್ಲಿ 200 ಕಿಲೋಮೀಟರ್ ಇದೆ ಅಂತ ತೋರಿಸುತ್ತಿದ್ದರೂ ಸರಿ, ಮೊದಲು ಪಕ್ಕಕ್ಕೆ ನಿಲ್ಲಿಸಿ. ಚಿಕ್ಕದು ಬರಿದಾದ ಕೂಡಲೇ ಕಾರು ನಡು ರಸ್ತೆಯಲ್ಲಿ ನಿಲ್ಲಬಹುದು.

ಹೊಸ ಬ್ಯಾಟರಿ ಹಾಕಿ ದುಡ್ಡು ಇಸಕೊಂಡು ಬರಬಹುದಿತ್ತು. ಆದರೆ ಯಾಕೆ ಬರಿದಾಯ್ತು ಅಂತ ನೋಡದೆ ಬಂದರೆ ಅದು ಅರ್ಧ ಕೆಲಸ. ಅಪ್ಪ ಕಲಿಸಿದ್ದು ಅದು. ಹೊಸ ಬ್ಯಾಟರಿ ಕೂರಿಸಿ, ನಿಂತಾಗ ಕಾರು ಎಷ್ಟು ಕರೆಂಟ್ ಎಳೆಯುತ್ತದೆ ನೋಡಲು ಮೈನಸ್ ವೈರಿನ ನಡುವೆ ಮೀಟರನ್ನು ಆಂಪಿಯರ್‌ಗೆ ಇಟ್ಟು ಸೇರಿಸಿದೆ. ಬಾನೆಟ್ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದೆ, ಬಾನೆಟ್ ಹಾಕಿದೆ ಅಂತ ಕಾರಿಗೆ ಅನ್ನಿಸಲಿ ಅಂತ. ಬಾಗಿಲು ಲಾಕ್ ಮಾಡಿ ರಿಮೋಟನ್ನು ಮನೆಯೊಳಗೆ ಕಳಿಸಿದೆ. ಕಾರಿನ ಕಂಪ್ಯೂಟರ್‌ಗಳು ತಕ್ಷಣ ಮಲಗುವುದಿಲ್ಲ. ಒಂದೊಂದಾಗಿ ಕಣ್ಣು ಮುಚ್ಚುತ್ತವೆ. ನಾವು ಜಗಲಿ ಮೇಲೆ ಅರ್ಧ ಗಂಟೆ ಕೂತೆವು. ಮೇಷ್ಟ್ರು ಮೊಮ್ಮಗಳ ಫೋಟೋ ತೋರಿಸಿದರು.

ಬಂದು ನೋಡಿದರೆ ಮೀಟರ್ 0.06ಕ್ಕೆ ನಿಂತಿತ್ತು. ಇಷ್ಟು ಹೊಸ ಕಾರಿಗೆ ಜಾಸ್ತಿ ಅನ್ನಿಸಿತು. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ತಡಕಿದರೆ ಒಂದು ಜಿಪಿಎಸ್ ಟ್ರ್ಯಾಕರ್ ಸಿಕ್ಕಿತು. ಮಗ ಆನ್‌ಲೈನ್‌ನಲ್ಲಿ ತರಿಸಿ, ಯಾವಾಗಲೂ ಕರೆಂಟ್ ಇರುವ ವೈರಿಗೆ ಸೇರಿಸಿದ್ದನಂತೆ. ಅಪ್ಪ ಅಮ್ಮ ಎಲ್ಲಿದ್ದಾರೆ ಅಂತ ಗೊತ್ತಾಗಲಿ ಅಂತ. ಅದನ್ನು ಬಿಚ್ಚಿದೆ. ಕಾರು ಮತ್ತೆ ಮಲಗಿದ ಮೇಲೆ 0.02ಕ್ಕೆ ಇಳಿಯಿತು.

ಈಗ ಗಣಿತ ಮೇಷ್ಟ್ರೇ ಲೆಕ್ಕ ಮಾಡಿದರು. 0.06 ಅನ್ನು 24 ಗಂಟೆಗೆ ಗುಣಿಸಿದರೆ ದಿನಕ್ಕೆ 1.44 ಆಂಪಿಯರ್-ಅವರ್. ಹೊಸ 35ರ ಬ್ಯಾಟರಿಯೇ ಇಪ್ಪತ್ತನಾಲ್ಕು ದಿನಕ್ಕೆ ಬರಿದು. ಇದೋ ನಾಲ್ಕು ವರ್ಷದ್ದು, ಅರ್ಧಕ್ಕರ್ಧ ಸವೆದಿತ್ತು ಅಂದುಕೊಂಡರೂ ಹನ್ನೆರಡು ದಿನ. ಅವರು ಪುಣೆಯಲ್ಲಿ ತೊಟ್ಟಿಲು ಶಾಸ್ತ್ರ ಮಾಡುವ ಹೊತ್ತಿಗೆ ಇಲ್ಲಿ ಕಾರು ಆರಿ ಹೋಗಿತ್ತು. ಕೆಲವು ಕಾರುಗಳು ನಿಂತಲ್ಲೇ ಆಗಾಗ ಎದ್ದು, ದೊಡ್ಡದರಿಂದ ಚಿಕ್ಕದಕ್ಕೆ ತಾವೇ ತುಂಬಿಸಿಕೊಳ್ಳುತ್ತವೆ. ಎಲ್ಲ ಕಾರಿನಲ್ಲೂ ಆ ಏರ್ಪಾಡು ಇಲ್ಲ. ನಿಮ್ಮ ಕಾರಿನಲ್ಲಿ ಇದೆಯಾ ಅಂತ ಕೈಪಿಡಿ ನೋಡಿ ತಿಳಿದುಕೊಳ್ಳಿ.

ನಾನು ಈ ಬರಹ ಬರೆಯುತ್ತಿರುವುದು ಮುಖ್ಯವಾಗಿ ಮುಂದಿನ ಮಾತಿಗೆ.

ಪೆಟ್ರೋಲ್, ಡೀಸೆಲ್ ಗಾಡಿಯಲ್ಲಿ ಬ್ಯಾಟರಿ ಸಾಯುವ ಮುಂಚೆ ಹೇಳಿ ಸಾಯುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ "ಗರ್‍ರ್... ಗರ್‍ರ್..." ಅಂತ ಎಳೆದಾಡುತ್ತದೆ. ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಎಳೆಯುತ್ತದಲ್ಲ, ಬ್ಯಾಟರಿಗೆ ಅದು ದಿನಾ ಬೆಳಗಿನ ಪರೀಕ್ಷೆ. ಲಾರಿ ಡ್ರೈವರ್‌ಗಳು ಆ ಸದ್ದು ಕೇಳಿಯೇ "ಅಣ್ಣಾ, ಇನ್ನೊಂದು ತಿಂಗಳು ಬರಬಹುದು" ಅಂತ ಅಪ್ಪನ ಹತ್ತಿರ ಬರುತ್ತಿದ್ದರು. ಎಲೆಕ್ಟ್ರಿಕ್ ಕಾರಿನಲ್ಲಿ ಸೆಲ್ಫೇ ಇಲ್ಲ. ಕಂಪ್ಯೂಟರ್ ಎಬ್ಬಿಸಿ, ಕಾಯಿಲ್ ಎಳೆಯುವುದಕ್ಕೆ ಕೆಲವೇ ಆಂಪಿಯರ್ ಸಾಕು. ಮುಕ್ಕಾಲು ಪಾಲು ಸವೆದ ಬ್ಯಾಟರಿಯೂ ಅಷ್ಟನ್ನು ಕೊಡುತ್ತದೆ. ನಿನ್ನೆವರೆಗೆ ಏನೂ ತೊಂದರೆ ಇಲ್ಲ. ಇವತ್ತು ಬೆಳಿಗ್ಗೆ ಬಾಗಿಲೇ ತೆಗೆಯಲ್ಲ. ಜನ ಮೋಸ ಹೋಗುವುದು ಇಲ್ಲೇ. ದಿನಾ ದೊಡ್ಡ ಬ್ಯಾಟರಿಯ ಪರ್ಸೆಂಟ್ ನೋಡುತ್ತಾರೆ, ಚಿಕ್ಕದರ ಕಡೆ ಯಾರೂ ನೋಡುವುದಿಲ್ಲ. ಅದನ್ನು ತೋರಿಸುವ ಮುಳ್ಳೂ ಮುಂದೆ ಇರುವುದಿಲ್ಲ.

ಅದಕ್ಕೇ ಮೀಟರ್ ಇಡಿಸಿ. ಯಾವ ಬ್ಯಾಟರಿ ಅಂಗಡಿಯಲ್ಲಾದರೂ ಎರಡು ನಿಮಿಷದ ಕೆಲಸ. ಮೂರು ವರ್ಷ ದಾಟಿದ ಮೇಲೆ ಆರು ತಿಂಗಳಿಗೊಮ್ಮೆಯಾದರೂ ನೋಡಿಸಿ, ಅದೂ ಬೇಸಿಗೆಗೆ ಮುಂಚೆ. ಲೆಡ್ ಬ್ಯಾಟರಿಗೆ ಬಿಸಿ ಆಗಿಬರಲ್ಲ. ತಿಂಗಳುಗಟ್ಟಲೆ ಕಾರು ನಿಲ್ಲಿಸಿ ಹೋಗುವುದಿದ್ದರೆ ಕೈಪಿಡಿಯಲ್ಲಿ ಏನು ಹೇಳಿದೆಯೋ ಹಾಗೆ ಮಾಡಿ. ಕೆಲವರು ಮೈನಸ್ ಬಿಚ್ಚಿ ಅನ್ನುತ್ತಾರೆ, ಕೆಲವರು ವಾರಕ್ಕೊಮ್ಮೆ ಆನ್ ಮಾಡಿ ಅನ್ನುತ್ತಾರೆ. ಹೊರಗಿನ ಟ್ರ್ಯಾಕರ್, ಕ್ಯಾಮೆರಾ ಹಾಕಿಸಿದ್ದರೆ ಯಾವ ವೈರಿನಿಂದ ಕರೆಂಟ್ ತಗೊಂಡಿದ್ದಾರೆ ಕೇಳಿ. ನಿಮ್ಮ ಎಲೆಕ್ಟ್ರಿಕ್ ಕಾರಿನಿಂದ ಬೇರೆಯವರ ಡೀಸೆಲ್ ಗಾಡಿಗೆ ಜಂಪ್ ಕೊಡಲು ಹೋಗಬೇಡಿ. ನೂರಾರು ಆಂಪಿಯರ್ ಕೊಡಲು ಆ ಕನ್ವರ್ಟರ್ ಮಾಡಿದ್ದಲ್ಲ. ಕಿತ್ತಳೆ ಕೇಬಲ್ ಅಂತೂ ಮುಟ್ಟಲೇ ಬೇಡಿ.

ಇನ್ನೊಂದು. ಹಿಡಿಕೆಯ ಬದಲು ಬಟನ್ ಒತ್ತಿ ಬಾಗಿಲು ತೆಗೆಯುವ ಕಾರುಗಳು ಬಂದಿವೆ. 12 ವೋಲ್ಟ್ ಹೋದರೆ ಆ ಬಟನ್ ಕೆಲಸ ಮಾಡುವುದಿಲ್ಲ. ಒಳಗಡೆ ಕೈಯಿಂದ ಎಳೆದು ತೆಗೆಯುವ ಲಿವರ್ ಎಲ್ಲಿದೆ ಅಂತ ಇವತ್ತೇ ಹುಡುಕಿ. ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳಿಗೆ, ವಯಸ್ಸಾದವರಿಗೆ ಅವರ ಕೈಯಿಂದಲೇ ಒಂದು ಸಲ ಎಳೆಸಿ ತೋರಿಸಿ. ಇದನ್ನು ಮಾತ್ರ ನಾಳೆಗೆ ಇಡಬೇಡಿ.

ಸಂಜೆ ಅಂಗಡಿಗೆ ಬಂದು ಹಳೇ ಬ್ಯಾಟರಿ ಇಳಿಸಿದೆ. ಅಪ್ಪ ಅದನ್ನು ಎತ್ತಿ ನೋಡಿ, ತಿರುಗಿಸಿ, ಎರಡು ದಿನ ಸಣ್ಣ ಚಾರ್ಜಿಗೆ ಹಾಕಿದರು. ಏಳಲಿಲ್ಲ. ಬರಿದಾಗಿಯೇ ಬಹಳ ದಿನ ಬಿದ್ದಿದ್ದರಿಂದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಟ್ಟಿತ್ತು. ಸೀಸ ವಾಪಸ್ ಹೋಗುವ ಸಾಲಿಗೆ ಇಟ್ಟರು.

ಅಪ್ಪನಿಗೆ ಎಲೆಕ್ಟ್ರಿಕ್ ಗಾಡಿ ಅಂದರೆ 2001ರಲ್ಲಿ ಬೆಂಗಳೂರಿನಲ್ಲಿ ಬಂದ ರೇವಾ. ಅದು ಓಡುತ್ತಿದ್ದದ್ದೇ ಸೀಸದ ಬ್ಯಾಟರಿ ಮೇಲೆ, 6 ವೋಲ್ಟ್‌ನವು ಎಂಟು ಸೇರಿಸಿ 48. ಆಮೇಲೆ ಲಿಥಿಯಂ ಬಂತು. ನಮ್ಮ ಕೆಲಸ ಮುಗಿಯಿತು ಅಂತ ಎರಡು ಮೂರು ವರ್ಷದಿಂದ ಅಪ್ಪ ಮಂಕಾಗಿದ್ದರು. ರಾತ್ರಿ ಊಟ ಮಾಡುವಾಗ ಕಾಂಟ್ಯಾಕ್ಟರ್, ಕಾಯಿಲ್ ಎಲ್ಲ ವಿವರಿಸಿದೆ. ತುತ್ತು ಕೈಯಲ್ಲೇ ಹಿಡಿದು ಕೇಳಿದರು. "ಬಸ್‌ನಲ್ಲೂ ಇದೆಯಾ?" ಅಂದರು. ಇದೆ, ಎಲೆಕ್ಟ್ರಿಕ್ ಬಸ್‌ನಲ್ಲೂ ಲಾರಿ ಥರಾನೇ 24 ವೋಲ್ಟ್, ಎರಡು ಬ್ಯಾಟರಿ ಸೇರಿಸಿ. ಈ ಚಿಕ್ಕದೂ ಮುಂದೆ ಬದಲಾಗುತ್ತದೆ ಅಂತಲೂ ಹೇಳಿದೆ, ಮುಚ್ಚಿಡಲಿಲ್ಲ. ಅಮೆರಿಕದ ಕಾರು ಕಂಪನಿ ಟೆಸ್ಲಾ 2021ರಿಂದ ಇದರ ಜಾಗಕ್ಕೂ ಲಿಥಿಯಂ ತಂದಿದೆ. ಅದರದೇ 2023ರ ಸೈಬರ್‌ಟ್ರಕ್‌ನಲ್ಲಿ 12 ವೋಲ್ಟ್ ಬಿಟ್ಟು 48ಕ್ಕೆ ಹೋಗಿದ್ದಾರೆ. ಲಿಥಿಯಂ ಇರುವ ಜಾಗಕ್ಕೆ ಸೀಸದ್ದು ತಂದು ಕೂರಿಸಬಾರದು, ಚಾರ್ಜ್ ಆಗುವ ಕ್ರಮವೇ ಬೇರೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೀಟರ್ ಇಡೋಕೆ ಜನ ಬೇಕಲ್ಲ" ಅಂದರು.

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಅಂತ ಮೇಷ್ಟ್ರ ಮನೆಯವರೆಲ್ಲ ಬಂದರು. ಪುಣೆಯಿಂದ ಮಗಳು, ಮೊಮ್ಮಗಳೂ ಇದ್ದರು. ಅಂಗಡಿ ಮುಂದೆ ಕಾರು ನಿಲ್ಲಿಸಿ ಮೇಷ್ಟ್ರು ಇಳಿದು, ತಾವೇ ಬಾನೆಟ್ ಎತ್ತಿದರು. ನಾನು ಮೀಟರ್ ತಂದೆ. ಅಪ್ಪ ಕೈ ಅಡ್ಡ ಹಿಡಿದರು. "ಈಗ ತಾನೆ ಓಡಿ ಬಂದಿದೆ. ಸುಮ್ನೆ ಜಾಸ್ತಿ ತೋರಿಸುತ್ತೆ. ಒಂದು ಗಂಟೆ ಬಿಡಬೇಕು. ಮಠಕ್ಕೆ ಆಟೋದಲ್ಲಿ ಹೋಗಿ ಬನ್ನಿ ಮೇಷ್ಟ್ರೇ, ಕಾರು ಇಲ್ಲೇ ಇರಲಿ."

ಅವರು ಮಧ್ಯಾಹ್ನ ಪ್ರಸಾದ ಮುಗಿಸಿ ಬರುವ ಹೊತ್ತಿಗೆ ಅಪ್ಪನೇ ಮೀಟರ್ ಇಟ್ಟು, ಬ್ಯಾಟರಿ ಮೇಲೆ ಬಿಳಿ ಪೇಂಟಿನಿಂದ ತಾರೀಖು ಬರೆದು, ಅದರ ಕೆಳಗೆ 12.6 ಅಂತ ಬರೆದಿಟ್ಟಿದ್ದರು.